ನಮ್ಮ ಗೇಟಿನ ಮುಂದೆ ಹಾದುಹೋಗುವ ಸೈಕಲ್ಲುಗಳು

ಕೊಯ್ಲಿನ ಕಾಲದಲ್ಲಿ, ಆಳುಗಳಿಲ್ಲದೆ ಎಲ್ಲರೂ ತಲೆಯ ಮೇಲೆ ಕೈಹೊತ್ತಿರುವಾಗ, ಸೈಕಲ್ಲಿನ ವಿಚಾರವೇಕೆ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ನಮ್ಮದೊಂದು ತಪ್ಪಿನಿಂದ ಈ ಲೇಖನ ಹುಟ್ಟಿತು ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇವೆ.

2023ರ ಜನವರಿಯ ಒಂದು ಶನಿವಾರ ರಾತ್ರಿ. ಕಣದಲ್ಲಿ ಪಾರ್ಚ್‌ಮೆಂಟ್ ರಾಶಿಯಾಗಿ ಟಾರ್ಪಾಲಿನ ಕೆಳಗಿತ್ತು. ಕಾವಲಿನವನಿಗೆ ಜ್ವರ ಬಂದುದರಿಂದ ಕಾವಲು ನಮ್ಮ ಪಾಲಿಗೇ ಬಿದ್ದಿತ್ತು. ಹನ್ನೊಂದೂವರೆ ಗಂಟೆಯ ಹೊತ್ತಿಗೆ ಮೂಡಿಗೆರೆ ಕಡೆಯ ಇಳಿಜಾರಿನಲ್ಲಿ ಮೂರು ದೀಪಗಳು ಕಂಡವು. ಎಂಜಿನ್ನಿನ ಸದ್ದಿಲ್ಲ. ಎಂಜಿನ್ ನಿಲ್ಲಿಸಿ, ಇಳಿಜಾರಿನಲ್ಲಿ ಗಾಡಿಯನ್ನು ಸದ್ದಿಲ್ಲದೆ ಬಿಟ್ಟುಕೊಂಡು ಬಂದು ಕಾಫಿ ಎತ್ತಿಕೊಂಡು ಹೋಗುವವರ ಕತೆಗಳನ್ನು ನಾವೆಲ್ಲ ಕೇಳಿದ್ದೇವಷ್ಟೆ. ಹಿಂದುಮುಂದು ಯೋಚಿಸದೆ ಕರಿಯನ ಸರಪಳಿ ಬಿಚ್ಚಿದೆವು. ಬೇಲಿ ಹಾರಿ ರಸ್ತೆಗೆ ನುಗ್ಗಿದ ನಾಯಿಯನ್ನು ತಪ್ಪಿಸಲು ಹೋಗಿ ಮೊದಲನೆಯ ಸವಾರ ಚರಂಡಿಯ ಪಕ್ಕದ ಜಲ್ಲಿಯ ಮೇಲೆ ಬಿದ್ದರು.

ಕಳ್ಳರಲ್ಲ, ಬೆಂಗಳೂರಿನಿಂದ ಸೈಕಲ್ಲಿನಲ್ಲಿ ಬಂದಿದ್ದ ಮೂವರು. ಬೆಳಿಗ್ಗೆ ಆರಕ್ಕೆ ಹೊರಟು 285 ಕಿಲೋಮೀಟರು ತುಳಿದು ಬಂದಿದ್ದರು. ಬಿದ್ದವರಿಗೆ ಮೂವತ್ತೈದರ ವಯಸ್ಸಿರಬಹುದು. ಮಂಡಿ ಸುಲಿದು ರಕ್ತ ಇಳಿಯುತ್ತಿತ್ತು. ಒಳಗೆ ಕರೆದು ಗಾಯ ತೊಳೆದು ಬಟ್ಟೆ ಕಟ್ಟಿದೆವು, ಮನೆಯವರು ಎದ್ದು ಕಾಫಿ ಮಾಡಿದರು. ನಾವು ಕ್ಷಮೆ ಕೇಳಿದಾಗ ಅವರು, "ಪರವಾಗಿಲ್ಲ ಸಾರ್, ನಾಯಿ ಅದರ ಕೆಲಸ ಮಾಡಿದೆ" ಎಂದು ನಕ್ಕರು. ಅದು ಇನ್ನಷ್ಟು ಚುಚ್ಚಿತು. ಹೊರಡುವಾಗ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾರ್ಡನ್ನು ತೆಗೆದು, ಗಡಿಯಾರ ನೋಡಿ, ಮತ್ತೆ ಒಳಗಿಟ್ಟುಕೊಂಡರು. ಆ ಕಾರ್ಡು ಏನೆಂದು ಕೇಳಿದೆವು.

ಅವರು ಹೇಳಿದ್ದು, ಆಮೇಲೆ ನಾವು ಓದಿ ತಿಳಿದದ್ದು ಇಷ್ಟು. ಇದು ಪಂದ್ಯವಲ್ಲ. ಮೊದಲನೆಯವನಿಗೂ ಕೊನೆಯವನಿಗೂ ಬಹುಮಾನವಿಲ್ಲ. ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕು, ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುನಡುವೆ ತಪಾಸಣೆಯ ಠಾಣೆಗಳಿರುತ್ತವೆ, ಅಲ್ಲಿ ಕಾರ್ಡಿಗೆ ಮೊಹರು ಬೀಳಬೇಕು. ರಾತ್ರಿ ದೀಪವೂ ಮಿಂಚುವ ಅಂಗಿಯೂ ಕಡ್ಡಾಯ. ಹಿಂದೆ ತಮ್ಮದೇ ಕಾರು ಇಟ್ಟುಕೊಂಡು ದಾರಿಯುದ್ದಕ್ಕೂ ನೆರವು ಪಡೆಯುವಂತಿಲ್ಲ. ಪಂಕ್ಚರಾದರೆ ತಾನೇ ಹಾಕಿಕೊಳ್ಳಬೇಕು, ಹಸಿದರೆ ದಾರಿಯಲ್ಲಿ ಸಿಕ್ಕಿದ್ದನ್ನು ತಿನ್ನಬೇಕು. ಇಂಥ ಸವಾರಿಗೆ ಬ್ರೆವೆ ಎಂದು ಹೆಸರು. ಫ್ರಾನ್ಸಿನಿಂದ ಬಂದ ಪದ್ಧತಿ. ಪ್ಯಾರಿಸಿನಲ್ಲಿ 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಇಂದಿಗೂ ಜಗತ್ತಿನೆಲ್ಲೆಡೆಯ ಈ ಸವಾರಿಗಳಿಗೆ ಮಾನ್ಯತೆ ಕೊಡುತ್ತದೆ.

ನಮ್ಮ ಅತಿಥಿ ಅಂದು ಹೊರಟಿದ್ದುದು 600 ಕಿಲೋಮೀಟರಿಗೆ. ಭಾನುವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಸೇರಬೇಕಿತ್ತು. ನಮ್ಮಲ್ಲಿ ಒಂದು ಗಂಟೆ ಕಳೆಯಿತು. ಅದಕ್ಕಿಂತ ಹೆಚ್ಚಾಗಿ, ಮಂಡಿ ಊದಿಕೊಂಡು ಹಾಸನದಿಂದಾಚೆಗೆ ತುಳಿಯುವುದೇ ಕಷ್ಟವಾಯಿತಂತೆ. ಸೋಮವಾರ ಫೋನು ಮಾಡಿ ವಿಚಾರಿಸಿದೆವು. ತಲುಪಿದ್ದು ಹತ್ತು ಗಂಟೆ ಮೂವತ್ತೈದು ನಿಮಿಷಕ್ಕೆ. ಮೂವತ್ತೈದು ನಿಮಿಷದ ತಡಕ್ಕೆ ಆ ನಲವತ್ತು ಗಂಟೆಗಳ ಶ್ರಮ ಲೆಕ್ಕಕ್ಕೇ ಬರಲಿಲ್ಲ. ಜೊತೆಯ ಇಬ್ಬರೂ ಅವರನ್ನು ಬಿಟ್ಟು ಮುಂದೆ ಹೋಗಲೊಪ್ಪದೆ ತಾವೂ ತಡವಾಗಿ ಸೇರಿದ್ದರು. ಒಂದು ನಾಯಿ, ಮೂರು ಕಾರ್ಡು.

ಆ ವರ್ಷ ಈ ಕಾರ್ಡಿಗೆ ಬೆಲೆ ಹೆಚ್ಚು. ಪ್ಯಾರಿಸಿನ ಬಳಿಯಿಂದ ಪಶ್ಚಿಮದ ಸಮುದ್ರ ತೀರದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಹಿಂದಿರುಗುವ 1,200 ಕಿಲೋಮೀಟರಿನ ಸವಾರಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಹೆಚ್ಚೆಂದರೆ 90 ಗಂಟೆ. ಅದಕ್ಕೆ ಹೆಸರು ಕೊಡಬೇಕಾದರೆ ಅದೇ ವರ್ಷ 200, 300, 400, 600 ನಾಲ್ಕನ್ನೂ ಮುಗಿಸಿರಬೇಕು.

ಈ ಹಾದಿಯ ಮೊದಲ ಓಟ ನಡೆದದ್ದು 1891ರಲ್ಲಿ. ಅದನ್ನು ಏರ್ಪಡಿಸಿದ್ದು ಒಂದು ದಿನಪತ್ರಿಕೆ, ‘ಲ ಪತಿ ಜುರ್ನಾಲ್’. ಅದರ ಪಿಯೆರ್ ಜಿಫಾರ್ ಎಂಬುವರಿಗೆ ಸೈಕಲ್ಲು ಆಟದ ಸಾಮಾನಲ್ಲ, ದೂರ ಪ್ರಯಾಣದ ವಾಹನ ಎಂದು ತೋರಿಸುವ ಹಟವಿತ್ತು. ಇನ್ನೂರಕ್ಕೂ ಹೆಚ್ಚು ಮಂದಿ ಹೊರಟರು. ಶಾರ್ಲ್ ತೆರೋಂ ಎಂಬಾತ ಎದುರಾಳಿ ಮಲಗಿದ್ದಾಗ ರಾತ್ರಿಯಲ್ಲಿ ಸದ್ದಿಲ್ಲದೆ ದಾಟಿಹೋಗಿ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಆ ಓಟದ ನೆನಪಿಗೆ 1910ರಲ್ಲಿ ಒಬ್ಬ ಮಿಠಾಯಿಗಾರ ಚಕ್ರದಾಕಾರದ, ನಡುವೆ ಕೆನೆ ತುಂಬಿದ ತಿನಿಸೊಂದನ್ನು ಮಾಡಿದ. ‘ಪ್ಯಾರಿಸ್-ಬ್ರೆಸ್ಟ್’ ಎಂದರೆ ಅಲ್ಲಿ ಅನೇಕರಿಗೆ ಇಂದು ಮೊದಲು ನೆನಪಾಗುವುದು ಆ ತಿನಿಸೇ. ಪಂದ್ಯದ ರೂಪ 1951ಕ್ಕೆ ನಿಂತುಹೋಯಿತು, ಹವ್ಯಾಸಿಗಳ ಸವಾರಿ ಉಳಿಯಿತು. ಈಚಿನ ಸಲಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಹೊರಟಿದ್ದಾರೆ, ಅವರಲ್ಲಿ ನೂರಾರು ಮಂದಿ ನಮ್ಮ ದೇಶದವರು.

ಗುಂಪಾಗಿ ಸಾಗುವ ಇನ್ನೊಂದು ಬಗೆಯೂ ಇದೆ. ಅದರ ಮೂಲ ಇಟಲಿಯದು. 1897ರಲ್ಲಿ ರೋಮಿನಿಂದ ನೇಪಲ್ಸಿಗೆ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಹೋಗಿ ಸೇರಿದವರನ್ನು ಲ್ಯಾಟಿನಿನಲ್ಲಿ ಆಡಾಕ್ಸ್, ಅಂದರೆ ಎದೆಗಾರರು ಎಂದರು. ಈ ಬಗೆಯ ಸವಾರಿಯಲ್ಲಿ ಮುಂದೆ ಒಬ್ಬ ನಾಯಕ ಗಂಟೆಗೆ ಇಪ್ಪತ್ತೆರಡೂವರೆ ಕಿಲೋಮೀಟರಿನ ಹದದಲ್ಲಿ ತುಳಿಯುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ. ಯಾವ ಬಗೆಯ ಗುಂಪಾದರೂ ಎಲ್ಲಕ್ಕಿಂತ ಮುಂದಿರುವವನು ಗಾಳಿಯನ್ನು ಒಡೆಯುತ್ತಾನೆ, ಬೆನ್ನಿಗಂಟಿಕೊಂಡವರಿಗೆ ಶ್ರಮ ಕಡಿಮೆ. ಆದ್ದರಿಂದ ಬ್ರೆವೆಯ ಜೊತೆಗಾರರು ಸರದಿಯ ಮೇಲೆ ಮುಂದೆ ಬರುತ್ತಾರೆ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮುಯ್ಯಿ ತೀರಿಸದೆ ಜಾರಿಕೊಳ್ಳುವವರು ಸೈಕಲ್ಲಿನವರಲ್ಲೂ ಇದ್ದಾರಂತೆ.

ಇದೆಲ್ಲಕ್ಕಿಂತ ನಮ್ಮ ಮನಸ್ಸು ಹಿಡಿದದ್ದು ಬ್ರೆಸ್ಟ್ ದಾರಿಯ ಹಳ್ಳಿಗಳ ಸಂಗತಿ. ಸವಾರರು ಹಾದುಹೋಗುವ ಮೂರು ನಾಲ್ಕು ದಿನ, ಹಗಲು ರಾತ್ರಿಯೆನ್ನದೆ, ರೈತರ ಮನೆಗಳ ಮುಂದೆ ಮೇಜುಗಳು ಬರುತ್ತವೆ. ನೀರು, ಕಾಫಿ, ಬಿಸ್ಕತ್ತು, ಆ ಸೀಮೆಯ ತೆಳು ದೋಸೆ. ಮಕ್ಕಳು ಸೀಸೆಗಳಿಗೆ ನೀರು ತುಂಬಿಸುತ್ತಾರೆ, ಮುದುಕರು ಕುರ್ಚಿ ಹಾಕಿಕೊಂಡು ಕೂಗಿ ಹುರಿದುಂಬಿಸುತ್ತಾರೆ. ಕೆಲವರು ನಡುಗುವವರಿಗೆ ಕಂಬಳಿ ಕೊಟ್ಟು ಕೊಟ್ಟಿಗೆಯಲ್ಲಿ ಮಲಗಿಸುವುದೂ ಉಂಟು. ಬೆಲೆ ಎಷ್ಟು ಎಂದರೆ, ಊರಿಗೆ ಹೋದ ಮೇಲೆ ಒಂದು ಪೋಸ್ಟ್ ಕಾರ್ಡು ಬರೆಯಿರಿ ಎನ್ನುವವರಿದ್ದಾರೆ. ಅವರ ಗೋಡೆಗಳ ತುಂಬ ಪರದೇಶದ ಕಾರ್ಡುಗಳು. ಆ ಸೀಮೆಯಲ್ಲಿ ಒಂದು ಕಾಫಿ ಗಿಡವೂ ಬೆಳೆಯುವುದಿಲ್ಲ ಎಂಬುದನ್ನು ನೆನಪಿಡತಕ್ಕದ್ದು.

ಎಲ್ಲ ಕಾಲದಲ್ಲಿ ಎಲ್ಲ ಕಡೆ ಹೀಗಿತ್ತೆಂದಲ್ಲ. ಇಂಗ್ಲೆಂಡಿನಲ್ಲಿ 1878ರಷ್ಟು ಹಿಂದೆಯೇ ಸೈಕಲ್ ಪ್ರವಾಸಿಗಳ ಸಂಘ ಹುಟ್ಟಿತ್ತು. ಸವಾರರನ್ನು ಆದರಿಸುವ ಹೋಟೆಲುಗಳಿಗೆ ಅದು ರೆಕ್ಕೆಯುಳ್ಳ ಚಕ್ರದ ಫಲಕ ಕೊಡುತ್ತಿತ್ತು. ಅಂಥದೇ ಒಂದು ಹೋಟೆಲಿನಲ್ಲಿ 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬುವರಿಗೆ ಕಾಫಿ ಕೋಣೆಯೊಳಗೆ ಬರಗೊಡಲಿಲ್ಲ. ಕಾರಣ, ಆಕೆ ಲಂಗ ಬಿಟ್ಟು, ಸೈಕಲ್ ತುಳಿಯಲು ಅನುಕೂಲವಾದ ಸಡಿಲ ಚಡ್ಡಿ ತೊಟ್ಟಿದ್ದರು. ಸಂಘ ಮೊಕದ್ದಮೆ ಹೂಡಿತು, ಸೋತಿತು. ಪಕ್ಕದ ಬೇರೆ ಕೋಣೆಯಲ್ಲಿ ಕೊಡುತ್ತೇವೆಂದಿದ್ದರು, ಆದ್ದರಿಂದ ನಿರಾಕರಣೆಯಾಗಲಿಲ್ಲ ಎಂಬ ವಾದ ನಿಂತಿತು. ಕಾನೂನಿಗೆ ಅಷ್ಟು ಸಾಕಾಗಿರಬಹುದು, ಬಾಗಿಲಿಗೆ ಬಂದವರಿಗೆ ಸಾಲದು ಎಂದು ನಮ್ಮ ಅಭಿಪ್ರಾಯ. ನಾಯಿ ಬಿಟ್ಟವರು ಇದನ್ನು ಹೇಳುವುದು ತಮಾಷೆಯೇ ಸರಿ.

ಈಗ ನಮ್ಮ ರಸ್ತೆಗಳಿಗೆ ಬರೋಣ. ಬೆಂಗಳೂರಿನಿಂದ ನೀಲಗಿರಿಗೆ 2008ರಲ್ಲಿ ಮೊದಲಾದ ಸೈಕಲ್ ಪ್ರವಾಸ ಹೆಸರು ಮಾಡಿದೆ. ಮಲೆನಾಡಿನ ಘಾಟಿಗಳಿಗೂ ಸವಾರರು ಬರುತ್ತಾರೆ, ಬರುವುದೂ ಮಳೆ ನಿಂತ ಮೇಲೆ, ಅಂದರೆ ನಮ್ಮ ಕೊಯ್ಲಿನ ತಿಂಗಳುಗಳಲ್ಲೇ. ಆಗ ರಸ್ತೆಯ ಸ್ಥಿತಿ ಹೇಗಿರುತ್ತದೆ? ಅಡಿಕೆ ಸುಲಿದ ಸಿಪ್ಪೆಯನ್ನು ಅಂಚಿನಲ್ಲಿ ಸುರಿದಿರುತ್ತೇವೆ. ಇಬ್ಬನಿಗೆ ನೆನೆದರೆ ಅದು ಸೋಪಿನಂತೆ ಜಾರುತ್ತದೆ. ಪಲ್ಪರಿನ ಲೋಳೆನೀರು ಕೆಲವು ಕಡೆ ಮೋರಿ ಕಟ್ಟಿ ರಸ್ತೆಗೇ ಹರಿಯುತ್ತದೆ. ಅದು ಹೊಳೆಗೆ ಹೋಗಬಾರದು, ರಸ್ತೆಗೂ ಬರಬಾರದು. ಕಾಯಿ ಹೇರಿದ ಟ್ರಾಕ್ಟರಿನ ಟ್ರೈಲರಿಗೆ ಹಿಂದೆ ದೀಪವಿರುವುದಿಲ್ಲ, ಕೆಂಪು ಪಟ್ಟಿಯನ್ನಾದರೂ ಅಂಟಿಸುವಷ್ಟು ವ್ಯವಧಾನ ನಮಗಿಲ್ಲ. ತಿರುವಿನಲ್ಲಿ ಜೀಪು ನಿಲ್ಲಿಸಿ ಆಳುಗಳನ್ನು ಇಳಿಸುವವರೂ ನಮ್ಮವರೇ. ಸೈಕಲ್ಲಿನವರ ವಿಚಾರ ಹಾಗಿರಲಿ, ಮುಂಜಾನೆ ಇದೇ ರಸ್ತೆಯಲ್ಲಿ ಲೈನಿನ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ.

ಸವಾರರಿಗೂ ಒಂದು ಮಾತು ಹೇಳಬೇಕಾಗಿದೆ. ರಾತ್ರಿ ತೋಟದ ಗೇಟಿನ ಮುಂದೆ ಗುಂಪಾಗಿ ನಿಂತು ಟಾರ್ಚು ಬಿಡಬೇಡಿರಿ. ಬೇಕಾದರೆ ಧೈರ್ಯವಾಗಿ ಕೂಗಿರಿ. ಬೆಳೆಯೆಲ್ಲ ಕಣದಲ್ಲಿರುವಾಗ ನಮ್ಮ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿರುತ್ತದೆ.

ಕಳೆದ ಸಭೆಯಲ್ಲಿ ನಾವು ಇಟ್ಟ ಸಲಹೆಯನ್ನು ಇಲ್ಲಿ ಮತ್ತೆ ಇಡುತ್ತೇವೆ. ಸಂಘದ ಡಿಪೋ ಮುಖ್ಯ ರಸ್ತೆಯ ಮೇಲೇ ಇದೆ. ಸವಾರಿ ಇರುವ ಶನಿವಾರ ರಾತ್ರಿಗಳಲ್ಲಿ ಅಲ್ಲಿ ಒಂದು ದೀಪ, ಒಂದು ಬೆಂಚು, ಫ್ಲಾಸ್ಕಿನಲ್ಲಿ ಕಾಫಿ ಇಡುವುದಕ್ಕೆ ದೊಡ್ಡ ಖರ್ಚು ಬಾರದು. "ಸಂಘವೇನು ಧರ್ಮಛತ್ರವೇ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಆದರೆ ಅಂದು ರಾತ್ರಿ ಆ ಮೂವರು ಲೋಟ ಕೆಳಗಿಡುವ ಮೊದಲೇ, "ಈ ಪುಡಿ ಎಲ್ಲಿ ಸಿಗುತ್ತದೆ ಸಾರ್?" ಎಂದು ಕೇಳಿದರು. ಪಾರ್ಚ್‌ಮೆಂಟ್ ಮೂಟೆ ತೋರಿಸಬಲ್ಲವರಾಗಿದ್ದೆವೇ ಹೊರತು ಕಾಲು ಕಿಲೋ ಪುಡಿಯ ಪೊಟ್ಟಣ ನಮ್ಮಲ್ಲಿ ಮಾರಾಟಕ್ಕಿರಲಿಲ್ಲ. ಮನೆಯ ಡಬ್ಬಿಯಿಂದಲೇ ಕಟ್ಟಿಕೊಟ್ಟೆವು.

ಕರಿಯನನ್ನು ಈಗ ಬೇಲಿಯ ಒಳಗೆ ತಂತಿಗೆ ಉದ್ದ ಸರಪಳಿ ಹಾಕಿ ಕಟ್ಟುತ್ತೇವೆ. ಕಣದ ಸುತ್ತ ಓಡಾಡಬಹುದು, ರಸ್ತೆಗೆ ನಿಲುಕದು.

ನಮ್ಮ ಅತಿಥಿ ಅದೇ ಮಾರ್ಚಿಯಲ್ಲಿ ಇನ್ನೊಮ್ಮೆ 600 ತುಳಿದು, ಈ ಸಲ ಮೊಹರು ಪಡೆದು, ಆಗಸ್ಟಿನಲ್ಲಿ ಫ್ರಾನ್ಸಿಗೆ ಹೋದರು. ಹಿಂದಿರುಗಿದ ಮೇಲೆ ಫೋನು ಮಾಡಿದ್ದರು. 88 ಗಂಟೆಯಲ್ಲಿ ಮುಗಿಯಿತಂತೆ. ಮೂರನೆಯ ರಾತ್ರಿ, ಕಣ್ಣು ತೆರೆದಿರಲಾರದ ಹೊತ್ತಿನಲ್ಲಿ, ಯಾವುದೋ ಹಳ್ಳಿಯ ಅಜ್ಜಿಯೊಬ್ಬರು ಮೇಜಿನ ಬಳಿ ಕೂರಿಸಿ ಕಾಫಿ ಕೊಟ್ಟರಂತೆ. ಹೇಗಿತ್ತು ಎಂದು ನಾವು ಕೇಳದೆ ಇರಲಾಗಲಿಲ್ಲ.

"ನಿಮ್ಮದಕ್ಕಿಂತ ಸ್ವಲ್ಪ ತೆಳು ಸಾರ್. ಆದರೆ ನಾಯಿ ಕಟ್ಟಿತ್ತು" ಎಂದರು.