ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಅಂತ್ಯ: ಸಭೆಯ ಹೆಮ್ಮೆಯೋ, ಸಭೆಯ ಪಶ್ಚಾತ್ತಾಪವೋ?

ನಮ್ಮ ಪ್ರಸಂಗಪೀಠಗಳಿಂದ ಒಂದು ಕಥನವು ಆಗಾಗ ಕೇಳಿಬರುತ್ತದೆ. ಗುಲಾಮರ ಹಡಗಿನ ನಾಯಕನಾಗಿದ್ದ ಜಾನ್ ನ್ಯೂಟನ್ ಬಿರುಗಾಳಿಯ ನಡುವೆ ದೇವರಿಗೆ ಮೊರೆಯಿಟ್ಟನು. ಮಾನಸಾಂತರ ಹೊಂದಿ ಆ ವೃತ್ತಿಯನ್ನು ತೊರೆದನು. ಅವನ ಶಿಷ್ಯನಂತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಪಾರ್ಲಿಮೆಂಟಿನಲ್ಲಿ ಏಕಾಂಗಿಯಾಗಿ ಹೋರಾಡಿ 1807ರಲ್ಲಿ ಜಯ ಗಳಿಸಿದನು. ಹೀಗೆ ಸುವಾರ್ತೆಯು ಗುಲಾಮ ವ್ಯಾಪಾರವನ್ನು ಕೊನೆಗಾಣಿಸಿತು. ಕೇಳುವುದಕ್ಕೆ ಇದು ಹಿತವಾದ ಕಥನ. ಆದರೆ ಇದು ಪೂರ್ಣ ಸತ್ಯವಲ್ಲ.

ನ್ಯೂಟನನ ಬಿರುಗಾಳಿಯ ಅನುಭವ 1748ರ ಮಾರ್ಚ್ ತಿಂಗಳಿನದು. ಆಗ ಅವನು ನಾಯಕನಾಗಿರಲಿಲ್ಲ. ಗುಲಾಮರ ಹಡಗುಗಳ ನಾಯಕನಾಗಿ ಅವನು ಮೂರು ಯಾನಗಳನ್ನು ಕೈಗೊಂಡದ್ದು ಅನಂತರ, 1750ರಿಂದ 1754ರವರೆಗೆ. ಹಡಗಿನಲ್ಲಿ ಪ್ರಾರ್ಥನೆ ನಡೆಸುತ್ತಲೇ ಕೆಳತಟ್ಟಿನಲ್ಲಿ ಮನುಷ್ಯರನ್ನು ಸರಪಳಿಯಲ್ಲಿ ಬಂಧಿಸಿ ಒಯ್ದನು. ಅವನು ಸಮುದ್ರವನ್ನು ಬಿಟ್ಟದ್ದು ಅನಾರೋಗ್ಯದಿಂದಲೇ ಹೊರತು ಮನಸ್ಸಾಕ್ಷಿಯ ಚುಚ್ಚುವಿಕೆಯಿಂದಲ್ಲ. 1764ರಲ್ಲಿ ಅವನು ಬೋಧಕನಾಗಿ ಅಭಿಷಿಕ್ತನಾದನು. ಇಂದು ‘ಅಮೇಜಿಂಗ್ ಗ್ರೇಸ್’ ಎಂದು ಲೋಕವೆಲ್ಲ ಬಲ್ಲ ಕೀರ್ತನೆಯನ್ನು 1773ರ ಹೊಸ ವರ್ಷದ ಆರಾಧನೆಗಾಗಿ ಸಿದ್ಧಪಡಿಸಿದನು. ಆದರೂ ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಸಮುದ್ರವನ್ನು ಬಿಟ್ಟು 34 ವರ್ಷಗಳಾದ ಮೇಲೆ. ಕೃಪೆಯನ್ನು ಹೊಂದಿದ ಒಬ್ಬ ಮನುಷ್ಯನ ಕಣ್ಣು ತೆರೆಯುವುದಕ್ಕೆ ಇಷ್ಟು ಕಾಲ ಹಿಡಿಯಿತೆಂಬುದೇ ನಮ್ಮ ವಿಚಾರಣೆಗೆ ತಕ್ಕ ಆರಂಭವಾಗಿದೆ. ಹಾಗಾದರೆ ಆ ವ್ಯಾಪಾರವು ನಿಜವಾಗಿಯೂ ನಿಂತದ್ದು ಏತರಿಂದ?

ವ್ಯಾಪಾರವೂ ಅದರ ಸಮರ್ಥನೆಯೂ

16ನೆಯ ಶತಮಾನದ ಆದಿಯಿಂದ 1860ರ ದಶಕದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನರನ್ನು ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಏರಿಸಲಾಯಿತೆಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಅಮೆರಿಕ ಖಂಡಗಳ ದಡವನ್ನು ಜೀವಸಹಿತ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ಸಮುದ್ರದ ಪಾಲಾದರು. ಪೋರ್ಚುಗಲ್ ಮತ್ತು ಬ್ರೆಜಿಲಿನ ಹಡಗುಗಳು ಅತ್ಯಧಿಕ ಮಂದಿಯನ್ನು ಒಯ್ದವು. ಎರಡನೆಯ ಸ್ಥಾನ ಬ್ರಿಟನ್ನಿನದು.

ಇದನ್ನೆಲ್ಲ ನಡೆಸಿದವು ಕ್ರೈಸ್ತ ರಾಜ್ಯಗಳೇ ಎಂಬುದನ್ನು ನಾವು ಮರೆಯಲಾಗದು. ಪೋಪ್ ಐದನೆಯ ನಿಕೋಲಸನು 1452 ಮತ್ತು 1455ರ ಶಾಸನಗಳಲ್ಲಿ, ಅನ್ಯಧರ್ಮೀಯರನ್ನು ನಿರಂತರ ದಾಸತ್ವಕ್ಕೆ ಒಳಪಡಿಸುವ ಅಧಿಕಾರವನ್ನು ಪೋರ್ಚುಗಲಿನ ಅರಸನಿಗೆ ಕೊಟ್ಟನು. ಆಂಗ್ಲಿಕನ್ ಸಭೆಯ ಸುವಾರ್ತಾ ಪ್ರಸಾರ ಸಂಘವು ಬಾರ್ಬಡೋಸ್ ದ್ವೀಪದ ಕಾಡ್ರಿಂಗ್ಟನ್ ಕಬ್ಬಿನ ತೋಟಗಳಿಗೆ ಒಡೆಯನಾಗಿತ್ತು. ಅಲ್ಲಿಯ ದಾಸರ ಎದೆಯ ಮೇಲೆ ‘ಸೊಸೈಟಿ’ ಎಂಬ ಪದವನ್ನು ಕಾದ ಕಬ್ಬಿಣದಿಂದ ಬರೆಹಾಕಲಾಗುತ್ತಿತ್ತು. ಕಾನಾನನ ಮೇಲೆ ನೋಹನು ನುಡಿದ ಶಾಪವನ್ನು ಆಫ್ರಿಕದ ಜನರೆಲ್ಲರ ಮೇಲೆ ಹೊರಿಸುವ ವ್ಯಾಖ್ಯಾನವು ವಿದ್ವಾಂಸರ ಬಾಯಲ್ಲೂ ಇತ್ತು. ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ವಿಧಿಸುವ ವಿಮೋಚನಕಾಂಡ 21:16ಆಗಲಿ, ನರಚೋರರನ್ನು ಅಧರ್ಮಿಗಳ ಪಟ್ಟಿಯಲ್ಲಿರಿಸುವ 1 ತಿಮೊಥೆಯ 1:10ಆಗಲಿ ಆ ವಿದ್ವಾಂಸರಿಗೆ ಅಪರಿಚಿತವಾಗಿರಲಿಲ್ಲ. ವಾಕ್ಯವು ಕೈಯಲ್ಲಿದ್ದ ಮಾತ್ರಕ್ಕೆ ಅದನ್ನು ಓದಿದಂತಾಗಲಿಲ್ಲ.

ಲಾಭ ಕುಗ್ಗಿದ್ದರಿಂದ ನಿಂತಿತೆ?

ಧಾರ್ಮಿಕ ಕಥನಕ್ಕೆ ಪ್ರತಿಯಾಗಿ ಇನ್ನೊಂದು ವಿವರಣೆ ಇದೆ. ಮುಂದೆ ಟ್ರಿನಿಡಾಡ್ ಮತ್ತು ಟೊಬಾಗೊ ದೇಶದ ಪ್ರಧಾನಮಂತ್ರಿಯಾದ ಎರಿಕ್ ವಿಲಿಯಮ್ಸ್ ಅವರು 1944ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲಿಸಂ ಆ್ಯಂಡ್ ಸ್ಲೇವರಿ’ ಎಂಬ ಗ್ರಂಥದಲ್ಲಿ, ಬ್ರಿಟನ್ನಿನ ಕೈಗಾರಿಕೆಯನ್ನು ಬೆಳೆಸಿದ್ದರಲ್ಲಿ ಗುಲಾಮಗಿರಿಯ ಸಂಪತ್ತಿನ ಪಾಲು ದೊಡ್ಡದೆಂದೂ, ಬೆಳೆದು ನಿಂತ ಕೈಗಾರಿಕೆಗೆ ವೆಸ್ಟ್ ಇಂಡೀಸಿನ ತೋಟಗಳು ಹೊರೆಯಾದಾಗ ಬ್ರಿಟನ್ ಅವನ್ನು ಕೈಬಿಟ್ಟಿತೆಂದೂ ವಾದಿಸಿದರು. ಸಭೆಯ ಆತ್ಮಪ್ರಶಂಸೆಗೆ ಈ ವಾದವು ತಕ್ಕ ಮದ್ದು. ಅದರ ಮೊದಲನೆಯ ಭಾಗವನ್ನು ಇಂದಿಗೂ ಅಲ್ಲಗಳೆಯುವುದು ಸುಲಭವಲ್ಲ.

ಎರಡನೆಯ ಭಾಗವು ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ. 1977ರಲ್ಲಿ ಸೀಮೋರ್ ಡ್ರೆಷರ್ ಅವರು ಆ ಕಾಲದ ವಾಣಿಜ್ಯದ ಅಂಕಿಗಳನ್ನು ಶೋಧಿಸಿ, ವ್ಯಾಪಾರ ನಿಷೇಧವಾದಾಗ ಬ್ರಿಟಿಷ್ ವೆಸ್ಟ್ ಇಂಡೀಸಿನ ಆರ್ಥಿಕತೆ ಬೀಳುತ್ತಿರಲಿಲ್ಲ, ಬದಲಿಗೆ ಬೆಳೆಯುತ್ತಿತ್ತು ಎಂದು ತೋರಿಸಿದರು. ಸಕ್ಕರೆಯ ಬೇಡಿಕೆ ಏರುತ್ತಲೇ ಇತ್ತು. ಬ್ರಿಟನ್ ತೊರೆದ ವ್ಯಾಪಾರವನ್ನು ಬೇರೆ ದೇಶಗಳ ವರ್ತಕರು ಆತುರದಿಂದ ಕೈಗೆತ್ತಿಕೊಂಡರು. ನಷ್ಟದ ವ್ಯಾಪಾರಕ್ಕಾಗಿ ಯಾರೂ ಹಾಗೆ ಮುಗಿಬೀಳುವುದಿಲ್ಲ. ಆದ್ದರಿಂದ ಲಾಭ ಕುಗ್ಗಿದ್ದೇ ಕಾರಣವೆನ್ನಲು ಸಾಧ್ಯವಿಲ್ಲ. ಲಾಭವಿದ್ದಾಗಲೇ ಅದನ್ನು ನಿಲ್ಲಿಸುವಂತೆ ಮಾಡಿದ್ದು ಏನು ಎಂಬುದೇ ಪ್ರಶ್ನೆ.

ಬಂಧಿತರ ಪ್ರತಿರೋಧ

ಮೊದಲನೆಯ ಉತ್ತರವು ಬಂಧಿತರಿಂದಲೇ ಬರುತ್ತದೆ. ಸುಮಾರು ಹತ್ತು ಯಾನಗಳಿಗೆ ಒಂದರಲ್ಲಿ ಹಡಗಿನ ಮೇಲೆ ದಂಗೆಯಾಯಿತೆಂದು ಇತಿಹಾಸಕಾರರ ಅಂದಾಜು. ಅದರ ಭಯದಿಂದ ವರ್ತಕರು ಹೆಚ್ಚು ನಾವಿಕರನ್ನೂ ಆಯುಧಗಳನ್ನೂ ಹೊತ್ತೊಯ್ಯಬೇಕಾಯಿತು. 1791ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಅತ್ಯಂತ ಸಂಪದ್ಭರಿತ ವಸಾಹತಾಗಿದ್ದ ಸಾಂ ದೊಮಾಂಗಿನಲ್ಲಿ ದಾಸರು ಎದ್ದರು. ಫ್ರಾನ್ಸ್ 1794ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಬೇಕಾಯಿತು. ನೆಪೋಲಿಯನ್ ಅದನ್ನು ಮರಳಿ ತರಲು ಕಳುಹಿಸಿದ ಸೇನೆ ಸೋತಿತು. 1804ರ ಜನವರಿ 1ರಂದು ಹೈಟಿ ಸ್ವತಂತ್ರ ರಾಷ್ಟ್ರವಾಯಿತು. ಹೊಸದಾಗಿ ತಂದ ಬಂಧಿತರಿಂದ ವಸಾಹತುಗಳನ್ನು ತುಂಬುತ್ತ ಹೋಗುವುದು ಅಪಾಯಕರವೆಂಬುದನ್ನು ಅಂದಿನಿಂದ ಯಾವ ಸರಕಾರವೂ ಕಡೆಗಣಿಸಲಾಗಲಿಲ್ಲ.

ಲೇಖನಿ ಹಿಡಿದವರೂ ಇದ್ದರು. ಸ್ವತಃ ಗುಲಾಮರಾಗಿದ್ದ ಒಟ್ಟೊಬಾ ಕುಗೊವಾನೊ 1787ರಲ್ಲೂ ಒಲಾಡಾ ಇಕ್ವಿಯಾನೊ 1789ರಲ್ಲೂ ಲಂಡನ್ನಿನಲ್ಲಿ ತಮ್ಮ ಗ್ರಂಥಗಳನ್ನು ಪ್ರಕಟಿಸಿದರು. ಇಬ್ಬರೂ ಕ್ರೈಸ್ತರು, ಇಬ್ಬರೂ ಸತ್ಯವೇದದ ಆಧಾರದಿಂದಲೇ ಕ್ರೈಸ್ತ ರಾಷ್ಟ್ರವನ್ನು ನ್ಯಾಯಪೀಠದ ಮುಂದೆ ನಿಲ್ಲಿಸಿದರು. 1781ರಲ್ಲಿ ‘ಜಾಂಗ್’ ಎಂಬ ಹಡಗಿನಿಂದ 130ಕ್ಕೂ ಹೆಚ್ಚು ಮಂದಿಯನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದು, ಅವರನ್ನು ಕಳೆದುಹೋದ ಸರಕೆಂದು ತೋರಿಸಿ ವಿಮೆಯ ಹಣವನ್ನು ಕೇಳಲಾಯಿತು. ಈ ವಾರ್ತೆಯನ್ನು ಗ್ರ್ಯಾನ್‌ವಿಲ್ ಶಾರ್ಪನಿಗೆ ಮುಟ್ಟಿಸಿದವನು ಇಕ್ವಿಯಾನೊ. ಕೊಲೆಯ ಮೊಕದ್ದಮೆ ಹೂಡಬೇಕೆಂಬ ಶಾರ್ಪನ ಯತ್ನ ವಿಫಲವಾಯಿತು. ಆದರೆ ಮುಚ್ಚಿಟ್ಟದ್ದು ಬೆಳಕಿಗೆ ಬಂದಿತು.

ಮನಸ್ಸಾಕ್ಷಿಯು ಸಂಘಟಿತವಾದ ಬಗೆ

ಎರಡನೆಯ ಉತ್ತರವು ಒಂದು ಚಿಕ್ಕ ಸಭೆಯದು. ಪೆನ್ಸಿಲ್ವೇನಿಯದ ಜರ್ಮನ್‌ಟೌನಿನಲ್ಲಿ ಕ್ವೇಕರರ ಒಂದು ಗುಂಪು 1688ರಲ್ಲೇ ಗುಲಾಮಗಿರಿಯನ್ನು ಲಿಖಿತವಾಗಿ ಖಂಡಿಸಿತ್ತು. ಅವರ ಮೇಲಿನ ಕೂಟಗಳು ಆ ಪತ್ರವನ್ನು ಬದಿಗಿಟ್ಟವು. ಜಾನ್ ವೂಲ್‌ಮನ್ ಮತ್ತು ಆಂಥೊನಿ ಬೆನೆಜೆಟ್ ಎಂಬವರು ಮುಂದೆ ವರ್ಷಗಟ್ಟಲೆ ತಮ್ಮವರೊಂದಿಗೆ ವಾದಿಸಿದರು. ಫಿಲಡೆಲ್ಫಿಯದ ವಾರ್ಷಿಕ ಕೂಟವು ಗುಲಾಮರನ್ನು ಕೊಂಡು ಮಾರುವ ಸದಸ್ಯರನ್ನು 1758ರಲ್ಲಿ ಸಭೆಯ ವ್ಯವಹಾರಗಳಿಂದ ಹೊರಗಿಟ್ಟಿತು. ಗುಲಾಮರನ್ನು ಬಿಡುಗಡೆ ಮಾಡಲೊಪ್ಪದವರನ್ನು 1776ರಲ್ಲಿ ಸದಸ್ಯತ್ವದಿಂದಲೇ ತೆಗೆದುಹಾಕಲು ನಿರ್ಣಯಿಸಿತು. ಅಂದರೆ ಕ್ವೇಕರರು ಪಾರ್ಲಿಮೆಂಟಿನ ಬಾಗಿಲು ತಟ್ಟುವುದಕ್ಕೆ ಮೊದಲು ಸಭಾಶಿಸ್ತನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಇದಕ್ಕೆ ಹಿಡಿದದ್ದು ಸುಮಾರು ಒಂದು ಶತಮಾನ.

1787ರ ಮೇ 22ರಂದು ಲಂಡನ್ನಿನಲ್ಲಿ ರಚಿತವಾದ ವ್ಯಾಪಾರ ನಿಷೇಧ ಸಮಿತಿಯ 12 ಸದಸ್ಯರಲ್ಲಿ 9 ಮಂದಿ ಕ್ವೇಕರರು. ಆಂಗ್ಲಿಕನನಾದ ಥಾಮಸ್ ಕ್ಲಾರ್ಕ್‌ಸನ್ ಬಂದರಿನಿಂದ ಬಂದರಿಗೆ ಕುದುರೆಯ ಮೇಲೆ ಸಂಚರಿಸಿ ನಾವಿಕರ ಸಾಕ್ಷ್ಯಗಳನ್ನೂ ಸಂಕೋಲೆಗಳನ್ನೂ ಸಂಗ್ರಹಿಸಿದನು. ‘ಬ್ರೂಕ್ಸ್’ ಹಡಗಿನ ಕೆಳತಟ್ಟಿನಲ್ಲಿ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸಲಾಗುತ್ತಿತ್ತೆಂಬ ನಕ್ಷೆಯು ಅಚ್ಚಾಗಿ ಮನೆಮನೆಯ ಗೋಡೆಗೇರಿತು. 1792ರಲ್ಲಿ 519 ಮನವಿಗಳು ಪಾರ್ಲಿಮೆಂಟನ್ನು ಮುಟ್ಟಿದವು. ಮತದಾನದ ಹಕ್ಕಿಲ್ಲದ ಸ್ತ್ರೀಯರು ವೆಸ್ಟ್ ಇಂಡೀಸಿನ ಸಕ್ಕರೆಯನ್ನು ತಮ್ಮ ಅಡುಗೆಮನೆಯಿಂದ ಹೊರಹಾಕಿದರು. ವಿಲ್ಬರ್‌ಫೋರ್ಸನ ವಾಗ್ಮಿತೆಯ ಹಿಂದೆ ಇಷ್ಟು ಜನರ ದುಡಿಮೆ ಇತ್ತು. ಹಾಗಿದ್ದೂ 1791ರಲ್ಲಿ ಅವನ ಮಸೂದೆಯು 163ಕ್ಕೆ 88 ಮತಗಳಿಂದ ಸೋತಿತು. ಫ್ರಾನ್ಸಿನೊಡನೆ ಯುದ್ಧ ಆರಂಭವಾದ ಮೇಲೆ ಸುಧಾರಣೆಯ ಮಾತೇ ರಾಜದ್ರೋಹದಂತೆ ಕಂಡು ಚಳವಳಿ ವರ್ಷಗಟ್ಟಲೆ ಸೊರಗಿತು.

ಕಾನೂನೂ ನೌಕಾಬಲವೂ

ಮೂರನೆಯ ಉತ್ತರವು ರಾಜಕೀಯದ್ದು. ನ್ಯಾಯವಾದಿ ಜೇಮ್ಸ್ ಸ್ಟೀಫನ್ ಒಂದು ಚತುರವಾದ ಮಾರ್ಗವನ್ನು ಹುಡುಕಿದನು. ಶತ್ರುಗಳ ವಸಾಹತುಗಳಿಗೆ ಬ್ರಿಟಿಷರೇ ಗುಲಾಮರನ್ನು ಒದಗಿಸುವುದು ದೇಶಹಿತಕ್ಕೆ ವಿರುದ್ಧವೆಂಬ ವಾದದಿಂದ 1806ರ ಕಾಯಿದೆ ಸದ್ದಿಲ್ಲದೆ ಅಂಗೀಕೃತವಾಯಿತು. ವ್ಯಾಪಾರದ ದೊಡ್ಡ ಪಾಲು ಅದರಿಂದಲೇ ಮುಚ್ಚಿತು. 1807ರ ಫೆಬ್ರವರಿ 23ರಂದು ಸಂಪೂರ್ಣ ನಿಷೇಧದ ಮಸೂದೆಗೆ ಕಾಮನ್ಸ್ ಸಭೆಯು 283ಕ್ಕೆ 16 ಮತಗಳಿಂದ ಒಪ್ಪಿಗೆ ಕೊಟ್ಟಿತು. ಮಾರ್ಚ್ 25ರಂದು ಅದು ಕಾಯಿದೆಯಾಯಿತು. ಡೆನ್ಮಾರ್ಕಿನ ನಿಷೇಧವು 1803ರಿಂದಲೇ ಜಾರಿಯಲ್ಲಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ನಿಷೇಧವು 1808ರ ಜನವರಿ 1ರಿಂದ ಜಾರಿಗೆ ಬಂದಿತು.

ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ವ್ಯಾಪಾರವು ಮುಗಿಯಲಿಲ್ಲ. 1807ರ ನಂತರವೂ ಸುಮಾರು 30 ಲಕ್ಷ ಮಂದಿ, ಎಂದರೆ ಒಟ್ಟು ಸಂಖ್ಯೆಯ ಕಾಲು ಭಾಗದಷ್ಟು ಜನರು, ಮುಖ್ಯವಾಗಿ ಬ್ರೆಜಿಲಿಗೂ ಕ್ಯೂಬಕ್ಕೂ ಒಯ್ಯಲ್ಪಟ್ಟರು. ಬ್ರಿಟನ್ನಿನ ಪಶ್ಚಿಮ ಆಫ್ರಿಕ ನೌಕಾದಳವು ಸುಮಾರು 1,600 ಹಡಗುಗಳನ್ನು ಹಿಡಿದು ಸುಮಾರು 1,50,000 ಜನರನ್ನು ಬಿಡಿಸಿತು. ಪೋಪ್ ಹದಿನಾರನೆಯ ಗ್ರೆಗೊರಿಯು 1839ರಲ್ಲಿ ಈ ವ್ಯಾಪಾರವನ್ನು ಖಂಡಿಸಿದನು. 1850ರಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಬಂದರುಗಳೊಳಕ್ಕೇ ನುಗ್ಗಿದ ಮೇಲೆ ಬ್ರೆಜಿಲ್ ಸೆಪ್ಟೆಂಬರ್ 4ರಂದು ಪರಿಣಾಮಕಾರಿಯಾದ ಕಾಯಿದೆಯನ್ನು ತಂದಿತು. ಅಂತರ್ಯುದ್ಧದ ನಡುವೆ, 1862ರಲ್ಲಿ, ಅಮೆರಿಕವು ತನ್ನ ಹಡಗುಗಳ ತಪಾಸಣೆಗೆ ಸಮ್ಮತಿಸಿದ ಮೇಲೆ ಕ್ಯೂಬದ ದಾರಿಯೂ ಮುಚ್ಚತೊಡಗಿತು. 1867ರ ಹೊತ್ತಿಗೆ ವ್ಯಾಪಾರವು ನಿಂತಿತು. ಕಾಯಿದೆಯ ಅಕ್ಷರಕ್ಕೂ ಬಂಧಿತನ ಬಿಡುಗಡೆಗೂ ನಡುವೆ 60 ವರ್ಷಗಳ ಅಂತರವಿತ್ತು.

ನಮ್ಮ ಸಾಕ್ಷಿಗೆ ಇದರ ಅರ್ಥ

ಹೀಗೆ ಬಂಧಿತರ ಪ್ರತಿರೋಧ, ಸಂಘಟಿತವಾದ ಮನಸ್ಸಾಕ್ಷಿ, ರಾಜ್ಯದ ಬಲ ಈ ಮೂರೂ ಕೂಡಿದಾಗ ಲಾಭದ ವ್ಯಾಪಾರವೊಂದು ನಿಂತಿತು. ಇದರಲ್ಲಿ ನಂಬಿಕೆಯ ಪಾಲು ನಿಜವಾದದ್ದು. ಆದರೆ ಅದು ಸಭೆಯ ಸ್ವಾಭಾವಿಕ ಫಲವಾಗಿರಲಿಲ್ಲ. ಸಭೆಯೊಳಗಿನ ಕೆಲವರು ಸಭೆಯ ವಿರುದ್ಧವೇ ವಾದಿಸಿ ಗಳಿಸಿದ ಫಲವಾಗಿತ್ತು. 1807ನೆಯ ವರ್ಷವೇ ಇದಕ್ಕೆ ಸಾಕ್ಷಿ. ನಿಷೇಧದ ಕಾಯಿದೆ ಬಂದ ಅದೇ ವರ್ಷ, ಅದೇ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ದಾಸರಿಗಾಗಿ ಸತ್ಯವೇದದ ಆಯ್ದ ಭಾಗಗಳ ಪುಸ್ತಕವೊಂದು ಅಚ್ಚಾಯಿತು. ಯೋಸೇಫನು ದಾಸನಾಗಿ ಮಾರಲ್ಪಟ್ಟ ಕಥೆ ಅದರಲ್ಲಿತ್ತು. ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾದ ಕಥೆ ಇರಲಿಲ್ಲ. ದಾಸರು ಒಡೆಯರಿಗೆ ವಿಧೇಯರಾಗಬೇಕೆಂಬ ಎಫೆಸ ಪತ್ರಿಕೆಯ ಮಾತು ಇತ್ತು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಗಲಾತ್ಯ 3:28 ಇರಲಿಲ್ಲ. 1833ರ ಕಾಯಿದೆಯು ಗುಲಾಮಗಿರಿಯನ್ನೇ ರದ್ದುಮಾಡಿದಾಗ ಪರಿಹಾರವಾಗಿ ಕೊಟ್ಟ 2 ಕೋಟಿ ಪೌಂಡುಗಳು ಒಡೆಯರಿಗೆ ಸಂದವು, ದಾಸರಿಗಲ್ಲ. ಕಾಡ್ರಿಂಗ್ಟನ್ ತೋಟಗಳಿಗಾಗಿ ಆ ಸುವಾರ್ತಾ ಸಂಘವೂ ತನ್ನ ಪಾಲನ್ನು ಪಡೆಯಿತು. ಇಂಗ್ಲೆಂಡಿನ ಸಭೆಯ ಜನರಲ್ ಸಿನೊಡ್ ಈ ಪಾಪಕ್ಕಾಗಿ ಕ್ಷಮೆ ಕೋರಿದ್ದು 2006ರಲ್ಲಿ.

ಈ ಚರಿತ್ರೆ ನಮಗೆ ದೂರದ್ದಲ್ಲ. 1810ರಲ್ಲಿ ಜಾನ್ ಹ್ಯಾಂಡ್ಸನನ್ನು ಬಳ್ಳಾರಿಗೆ ಕಳುಹಿಸಿದ ಲಂಡನ್ ಮಿಷನರಿ ಸೊಸೈಟಿಯೇ ಜಾನ್ ಸ್ಮಿತನನ್ನು ಡೆಮೆರಾರಕ್ಕೆ ಕಳುಹಿಸಿತ್ತು. ಅಲ್ಲಿ 1823ರಲ್ಲಿ ದಾಸರು ದಂಗೆಯೆದ್ದಾಗ ಸ್ಮಿತನಿಗೆ ಮರಣದಂಡನೆ ವಿಧಿಸಲಾಯಿತು. ಅವನು 1824ರಲ್ಲಿ ಸೆರೆಮನೆಯಲ್ಲೇ ಸತ್ತನು. 1833ರ ಆ ಪ್ರಸಿದ್ಧ ಕಾಯಿದೆಯಾದರೋ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತ್ತು. ಕೆನರಾ, ಮಲಬಾರುಗಳ ಹೊಲಗಳಲ್ಲಿ ದುಡಿಯುವವರನ್ನು ಮಾರುವ, ಅಡವಿಡುವ ಪದ್ಧತಿಯನ್ನು ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದಲ್ಲಿ ಕಂಡು ಬರೆದಿದ್ದನು. ಗುಲಾಮಗಿರಿಗೆ ಇಲ್ಲಿ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಸಾಲಕ್ಕೆ ಮನುಷ್ಯನನ್ನು ಕಟ್ಟಿಹಾಕುವ ಜೀತವನ್ನು ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ.

ಆದಕಾರಣ ಬೋಧಕರಾದ ನಾವು ಈ ಕಥನವನ್ನು ಮುಂದೆ ಹೇಳುವಾಗ ವಿಲ್ಬರ್‌ಫೋರ್ಸನನ್ನು ಸ್ಮರಿಸೋಣ. ಇಕ್ವಿಯಾನೊನನ್ನೂ ಹೈಟಿಯ ದಾಸರನ್ನೂ ಅವನೊಡನೆ ಸ್ಮರಿಸೋಣ. ನ್ಯೂಟನನ ಮಾನಸಾಂತರವನ್ನು ಸಾರುವಾಗ ಅವನ 34 ವರ್ಷಗಳ ಮೌನವನ್ನೂ ಹೇಳೋಣ. ಕ್ವೇಕರರ ಕೂಟವು ತನ್ನ ಸದಸ್ಯರಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿಯೂ ಕೇಳಬೇಕಾಗಿದೆ: ನಮ್ಮ ತೋಟಗಳಲ್ಲಿ, ನಮ್ಮ ಮನೆಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ ಸಾಲದ ಹೊರೆಯಿಂದಲೋ ನ್ಯಾಯವಾದ ಕೂಲಿಯಿಲ್ಲದೆಯೋ ದುಡಿಯುತ್ತಿರುವವರು ಯಾರು? ಅವರ ಹೆಸರುಗಳನ್ನು ನಾವು ಬಲ್ಲೆವೆ? ಫಿಲೆಮೋನನ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಪೌಲನು ಒನೇಸಿಮನನ್ನು ಹಿಂದಕ್ಕೆ ಕಳುಹಿಸಿದಾಗ, ಅವನನ್ನು ಪ್ರಿಯ ಸಹೋದರನೆಂದು ಸೇರಿಸಿಕೊಳ್ಳುವ ಹೊಣೆ ಮೊದಲು ಬಿದ್ದದ್ದು ರೋಮಿನ ಸಾಮ್ರಾಜ್ಯದ ಮೇಲಲ್ಲ, ಆ ಮನೆಯ ಮೇಲೆ.