ತೊಟ್ಟಿಲು, ಚಾಕರಿ, ಲೇಖನಿ

ಪರಸ್ಥಳಗಳಲ್ಲಿ ನೆಲಸಿರುವ ಕನ್ನಡಿಗರಲ್ಲಿ ಬರೆಯುವ ಹವ್ಯಾಸವುಳ್ಳವರು ಅಲ್ಪಸಂಖ್ಯಾತರಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಲ್ಲಿ ಕತೆಗಾರರಿದ್ದಾರೆ. ಕಚೇರಿಯ ಕಡತಗಳ ನಡುವೆ ಕವಿತೆಯ ಹಾಳೆಯನ್ನು ಇಟ್ಟುಕೊಂಡವರಿದ್ದಾರೆ. ಇಂಥವರಿಂದ ನಾವು ಪದೇ ಪದೇ ಕೇಳುವ ಮಾತು ಒಂದೇ: "ಬರೆಯಬೇಕೆಂಬ ಆಸೆಯೇನೋ ಇದೆ, ಪುರುಸೊತ್ತೆಲ್ಲಿದೆ ಸ್ವಾಮಿ? ಹಗಲೆಲ್ಲ ಚಾಕರಿ, ರಾತ್ರಿಯಾದರೆ ಮಕ್ಕಳು." ಈ ಮಾತಿನಲ್ಲಿ ನಿಜವೆಷ್ಟು, ನೆಪವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಚಾಕರಿ ಹಗೆಯಲ್ಲ

ಮೊದಲು ಚಾಕರಿಯ ಮಾತು. ಕನ್ನಡದ ಸಾಹಿತ್ಯವನ್ನು ಕಟ್ಟಿದವರೆಲ್ಲರೂ ಬಿಡುವಾಗಿದ್ದವರೆಂದು ಯಾರೂ ಭಾವಿಸಬೇಕಾಗಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿಗೆ ಸೇರಿ 1943ರವರೆಗೂ ದುಡಿದರು. ಆರು ಮಂದಿ ಹೆಣ್ಣುಮಕ್ಕಳ ತಂದೆಯಾದ ಅವರು ಆ ಅವಧಿಯಲ್ಲಿಯೇ ಕನ್ನಡದ ಸಣ್ಣಕತೆಗೆ ರೂಪ ಕೊಟ್ಟರು. "ಅವರು ದೊಡ್ಡ ಅಧಿಕಾರಿಗಳು, ನಮ್ಮಂಥ ಗುಮಾಸ್ತರಲ್ಲ" ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ಕೆ. ಎಸ್. ನರಸಿಂಹಸ್ವಾಮಿಯವರನ್ನು ನೆನೆಯೋಣ. 1942ರಲ್ಲಿ 'ಮೈಸೂರು ಮಲ್ಲಿಗೆ'ಯನ್ನು ಕನ್ನಡಕ್ಕೆ ಕೊಟ್ಟ ಆ ಕವಿ ಸರಕಾರಿ ಕಚೇರಿಯ ಗುಮಾಸ್ತರೇ ಆಗಿದ್ದರು.

ಇನ್ನು ನಮ್ಮ ಮುಂಬಯಿಯಲ್ಲಿಯೇ ಯಶವಂತ ಚಿತ್ತಾಲರ ಉದಾಹರಣೆಯಿದೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಚಿತ್ತಾಲರು ಈ ನಗರದ ರಾಸಾಯನಿಕ ಉದ್ಯಮದಲ್ಲಿ ಹಲವು ವರ್ಷ ಕೆಲಸ ಮಾಡಿದರು. 1979ರಲ್ಲಿ ಪ್ರಕಟವಾದ ಅವರ 'ಶಿಕಾರಿ'ಯ ನಾಯಕ ಕಂಪೆನಿಯೊಂದರ ನೌಕರ; ಕಚೇರಿಯ ಒಳಸಂಚುಗಳಲ್ಲಿ ಸಿಲುಕಿದವನು. ಸಮಯವನ್ನು ಕಸಿದ ನೌಕರಿಯೇ ಬರಹಕ್ಕೆ ವಸ್ತುವನ್ನೂ ಒದಗಿಸಿತೆಂದರೆ ತಪ್ಪಾಗಲಾರದು. ಮೇಜಿನಿಂದ ಮೇಜಿಗೆ ನಡೆಯುವ ಸಪ್ಲೈಯರನು ಒಂದು ದಿನದಲ್ಲಿ ಕಾಣುವಷ್ಟು ಮನುಷ್ಯರನ್ನು ಯಾವ ಪಂಡಿತನು ಕಾಣಬಲ್ಲನು?

ಯಾರ ಪಾಲಿನ ಸಮಯ?

ಆದರೆ ಮಕ್ಕಳ ವಿಷಯ ಅಷ್ಟು ಸುಲಭದ್ದಲ್ಲ. ಕಚೇರಿಗೆ ಬಾಗಿಲು ಹಾಕುವ ಹೊತ್ತೊಂದಿದೆ. ಮಗುವಿಗೆ ಅಂಥ ಹೊತ್ತಿಲ್ಲ. ಡೊಂಬಿವಲಿಯಿಂದ ಕೋಟೆಗೆ ಲೋಕಲ್ ರೈಲಿನಲ್ಲಿ ಹೋಗಿಬರುವ ಗುಮಾಸ್ತನು ರಾತ್ರಿ ಮನೆ ಸೇರಿದಾಗ, ಒಂದೇ ಕೋಣೆಯ ಬಿಡಾರದಲ್ಲಿ ಲೇಖನಿಯನ್ನು ಹಿಡಿದರೆ ಮಗುವನ್ನು ಸುಮ್ಮನಿರಿಸುವವರು ಯಾರು? ಅವನ ಗೃಹಿಣಿ. ಆಕೆಯೂ ದಿನವಿಡೀ ದುಡಿದವಳೇ. ಎಷ್ಟೋ ಮನೆಗಳಲ್ಲಿ ಆಕೆಯೂ ಕಚೇರಿಯಿಂದ ಬಂದವಳೇ. ಗಂಡನು ಬರೆಯುವ ಒಂದು ಗಂಟೆಯ ಬೆಲೆಯನ್ನು ತೆರುವವಳು ಹೆಂಡತಿ ಎಂಬುದನ್ನು ಸಾಹಿತ್ಯದ ಚರಿತ್ರೆಗಳು ಹೇಳುವುದು ವಿರಳ.

ಬರೆಯುವಾಕೆ ತಾಯಿಯೇ ಆಗಿದ್ದರೆ ಆ ಬೆಲೆ ಇನ್ನೂ ಹೆಚ್ಚು. ಚಿತ್ತಾಲರು ಹುಟ್ಟಿದ ವರ್ಷವೇ ಹುಟ್ಟಿದ ತ್ರಿವೇಣಿಯವರು ಹತ್ತೇ ವರ್ಷಗಳ ಬರವಣಿಗೆಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಕೊಟ್ಟು, 1963ರಲ್ಲಿ ಮಗಳು ಜನಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೆರಿಗೆಯ ತರುವಾಯ ಹೆಣ್ಣಿನ ಮನಸ್ಸು ಅನುಭವಿಸಬಹುದಾದ ಯಾತನೆಯನ್ನು 'ಶರಪಂಜರ'ದಲ್ಲಿ ಕನ್ನಡಿಗರ ಮುಂದಿಟ್ಟವರು ಅವರೇ. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂದುದು ಅದೇ 1963ರಲ್ಲಿ. ಆಗ ಅವರ ವಯಸ್ಸು ನಲವತ್ತೈದನ್ನು ದಾಟಿತ್ತು. 'ಫಣಿಯಮ್ಮ'ದಂಥ ಕೃತಿ ಬಂದುದು 1976ರಲ್ಲಿ. ತಡವಾಗಿ ಆರಂಭಿಸಿದವರೂ ಗುರಿ ಮುಟ್ಟಬಲ್ಲರೆಂಬುದು ಸಮಾಧಾನದ ಮಾತು. ಆದರೆ ಅಡಿಗೆಮನೆಯಿಂದ ಹೊರಬರಲಾಗದೆ ಕತೆಯಾಗದೆಯೇ ಉಳಿದುಹೋದ ಅನುಭವಗಳೆಷ್ಟೋ ಲೆಕ್ಕವಿಟ್ಟವರಿಲ್ಲ.

ಆದುದರಿಂದ ನಮ್ಮ ಮೊದಲ ಸೂಚನೆ ಇದು: ಬರೆಯುವ ಸಮಯವನ್ನು ಕದಿಯಬೇಡಿರಿ, ಮನೆಯವರೊಡನೆ ಕುಳಿತು ಮಾತಾಡಿ ಪಡೆಯಿರಿ. ವಾರದಲ್ಲಿ ಎರಡು ಸಂಜೆ ನಿಮ್ಮ ಲೇಖನಿಗೆ ಮೀಸಲಾದರೆ, ಇನ್ನೆರಡು ಸಂಜೆ ಮಕ್ಕಳ ಸಂಪೂರ್ಣ ಹೊಣೆ ನಿಮ್ಮದಾಗಲಿ. ಆ ಹೊತ್ತು ಆಕೆಯದು. ಆಕೆ ಓದಲಿ, ಬರೆಯಲಿ, ಸುಮ್ಮನೆ ವಿಶ್ರಮಿಸಲಿ. ದಿನಕ್ಕೆ ಅರ್ಧ ಪುಟ ಬರೆದರೂ ವರ್ಷಕ್ಕೆ ನೂರೆಂಬತ್ತು ಪುಟಗಳಾಗುತ್ತವೆ. ಒಂದು ಕಾದಂಬರಿಗೆ ಅಷ್ಟು ಸಾಕು.

ಓದುವವರು ಯಾರು?

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಂಗತಿಯಿದೆ. ಪರಸ್ಥಳದಲ್ಲಿರುವ ನಮ್ಮ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಬೀದಿಯಲ್ಲಿ ಮರಾಠಿ, ಹಿಂದಿ, ತಮಿಳು ಅಥವಾ ತೆಲುಗು ಆಡುತ್ತಾರೆ. ತಂದೆಯು ನಿದ್ದೆಗೆಟ್ಟು ಬರೆದ ಕತೆ ಅಚ್ಚಾಗಿ ಮನೆಗೆ ಬಂದಾಗ, ಮಗನು ಚಿತ್ರ ನೋಡಿ ಪುಟ ಮಗುಚುವ ದೃಶ್ಯವನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಕನ್ನಡದ ಸೇವೆಗಾಗಿ ಮಗುವನ್ನು ದೂರವಿರಿಸಿದ ಮನೆಯಲ್ಲಿ ಕನ್ನಡವೇ ಒಂದು ತಲೆಮಾರಿಗೆ ನಿಂತುಹೋಗುವುದೆಂದರೆ ಅದಕ್ಕಿಂತ ದೊಡ್ಡ ನಷ್ಟವೇನಿದೆ?

ಮಗುವಿಗೆ ಕೊಟ್ಟ ಹೊತ್ತು ಲೇಖನಿಗೆ ನಷ್ಟವೆಂಬ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ರಾತ್ರಿ ಮಲಗುವ ಮುನ್ನ ಮಗುವಿಗೆ ಕನ್ನಡದಲ್ಲಿ ಒಂದು ಕತೆ ಹೇಳಿರಿ. ಎಲ್ಲಿ ಅದು ಆಕಳಿಸಿತು, ಎಲ್ಲಿ "ಮುಂದೇನಾಯಿತು?" ಎಂದು ಎದ್ದು ಕುಳಿತಿತು ಎಂಬುದನ್ನು ಗಮನಿಸಿರಿ. ಯಾವ ವಿಮರ್ಶಕನೂ ಇಷ್ಟು ನಿಷ್ಪಕ್ಷಪಾತವಾಗಿ ತೀರ್ಪು ಕೊಡಲಾರನು. ಭಾನುವಾರ ಅರ್ಧ ಗಂಟೆ ಅಕ್ಷರ ತಿದ್ದಿಸಿರಿ. ನಾಳಿನ ನಿಮ್ಮ ಓದುಗ ಅಲ್ಲಿಯೇ ಬೆಳೆಯುತ್ತಾನೆ.

ಊರಿನಲ್ಲಿ ಸಂಸಾರವನ್ನು ಬಿಟ್ಟು ಬಂದಿರುವ ಹೋಟೆಲು ಕಾರ್ಮಿಕ ಬಂಧುಗಳಿಗೆ ಈ ಸೌಭಾಗ್ಯವೂ ಇಲ್ಲ. ಮಗುವಿನ ಮುಖವನ್ನು ವರ್ಷಕ್ಕೊಮ್ಮೆ ಕಾಣುವವರು ಅವರಲ್ಲಿದ್ದಾರೆ. ಹಿಂದೆ ಮನಿಆರ್ಡರ್ ಫಾರಮಿನ ಅಂಚಿನಲ್ಲಿ ಬರೆದ ಎರಡು ಸಾಲು, ತಿಂಗಳಿಗೊಂದು ಇನ್‌ಲೆಂಡ್ ಪತ್ರ, ಇವೇ ತಂದೆತನದ ಸಾಧನಗಳಾಗಿದ್ದವು. ಇಂದು ಮೊಬೈಲಿನಲ್ಲಿ ಮುಖವನ್ನೇ ನೋಡಿ ಮಾತಾಡಬಹುದು, ಅದು ಒಳ್ಳೆಯದೇ. ಆದರೆ ಆ ಮಾತು ಆಗಲೇ ಮುಗಿದುಹೋಗುತ್ತದೆ. ಪತ್ರವನ್ನಾದರೋ ಮಗುವು ಬೆಳೆದ ಮೇಲೂ ತೆಗೆದು ಓದಬಹುದು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹತ್ತಿಸುವವರೆಗೆ ದೊರೆಯುವ ಅಲ್ಪ ವಿರಾಮದಲ್ಲಿ, ತಿಂಗಳಿಗೊಂದಾದರೂ ಪತ್ರವನ್ನು ಬರೆಯಿರಿ. ಕೇವಲ "ಕ್ಷೇಮ, ಚೆನ್ನಾಗಿ ಓದು" ಎಂದಲ್ಲ. ಬೆಳಗಿನ ಜಾವ ಎಷ್ಟು ಗಂಟೆಗೆ ಎದ್ದಿರಿ, ದೋಸೆಕಲ್ಲಿನ ಮುಂದೆ ನಿಂತಾಗ ಏನು ನೆನಪಾಯಿತು, ಮಳೆಗೆ ನೆನೆದು ಒಳಬಂದ ಗಿರಾಕಿ ಏನೆಂದನು, ಇವನ್ನೆಲ್ಲ ಬರೆಯಿರಿ. ತಂದೆಯ ದುಡಿಮೆಯೇನೆಂಬುದು ಮಗುವಿಗೆ ತಿಳಿಯುತ್ತದೆ; ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ನಿಮಗೂ ಆಗುತ್ತದೆ. ಸಾಹಿತಿಯೆಂಬ ಹೆಸರು ಬಾರದಿದ್ದರೂ ಚಿಂತೆಯಿಲ್ಲ. ಆ ಪತ್ರಗಳಿಗೆ ಊರಿನಲ್ಲಿ ಒಬ್ಬ ಓದುಗನಂತೂ ಕಾದಿರುತ್ತಾನೆ.