ಕೊನೆಗೆ ಹಗ್ಗವುಂಟು, ಏರಿದವನಿಗಿಲ್ಲ

ಸುತ್ತೂರಿನ ಜಾತ್ರೆಯೆಂದರೆ ನಮ್ಮ ಸೀಮೆಯವರಿಗೆ ಬರಿಯ ಹಬ್ಬವಲ್ಲ, ವರ್ಷದ ಭೇಟಿಯೂ ಹೌದು. ಪುಷ್ಯ ಮಾಸದ ಚಳಿಯಲ್ಲಿ ಕಪಿಲೆಯ ದಂಡೆಗೆ ಜನ ಸೇರುತ್ತಾರೆ. ರಥೋತ್ಸವ, ಕೊಂಡ, ತೆಪ್ಪ, ದನಗಳ ಪರಿಷೆ, ಕುಸ್ತಿ, ಕೃಷಿಮೇಳ ಎಲ್ಲವನ್ನೂ ನೋಡಿಕೊಂಡು, ಕಾಣಬೇಕಾದವರನ್ನು ಕಂಡು, ಬಾಕಿ ಮಾತುಗಳನ್ನು ಮುಗಿಸಿ ಊರಿಗೆ ಹಿಂದಿರುಗುವುದು ವಾಡಿಕೆ. ಕಳೆದ ಜಾತ್ರೆಗೆ ಕೊಡಗಿನ ಕಡೆಯ ಕಾಫಿ ಬೆಳೆಗಾರ ಸದಸ್ಯರು ಕೆಲವರು ಬಂದು ನಮ್ಮ ತೋಟದ ಮನೆಯಲ್ಲಿ ಎರಡು ರಾತ್ರಿ ಉಳಿದರು. ನಮ್ಮ ಕಡೆ ನಾಲೆಯ ನೀರಿನ ಅಡಿಕೆ, ತೆಂಗು, ಬಾಳೆ. ಅವರ ಕಡೆ ಕಾಫಿ, ಮೆಣಸು. ಬೆಳೆ ಬೇರೆಯಾದರೂ ಸಂಘ ಒಂದೇ, ಕಷ್ಟವೂ ಬಹುಮಟ್ಟಿಗೆ ಒಂದೇ.

ಬಂದವರ ಜೊತೆ ಅವರ ಮಕ್ಕಳೂ ಇದ್ದರು. ಕಾಲೇಜು ಓದುವ ಹುಡುಗರು. ರಜೆ ಬಂದರೆ ಬೆಟ್ಟ ಹತ್ತುವ ಹುಚ್ಚು. ಅವರು ಒಂದು ಸಣ್ಣ ಪ್ರೊಜೆಕ್ಟರ್ ತಂದಿದ್ದರು. ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಳಿಯ ಪಂಚೆ ಕಟ್ಟಿ, ಎರಡು ರಾತ್ರಿಯೂ ಪರ್ವತಾರೋಹಣದ ಚಿತ್ರಗಳನ್ನು ತೋರಿಸಿದರು. ತೋಟದ ಆಳುಗಳು, ಅಕ್ಕಪಕ್ಕದ ಮನೆಯವರು, ಹೆಂಗಸರು ಮಕ್ಕಳು ಎಲ್ಲರೂ ಬಂದು ಕುಳಿತರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದು ಒಬ್ಬರನ್ನು ಮಾತ್ರ. ಅವರು ನಮ್ಮ ತೋಟದಲ್ಲಿ ಬಹಳ ವರ್ಷ ಅಡಿಕೆ ಕೊನೆ ಇಳಿಸಿದವರು. ಈಗ ನೆಲದ ಮೇಲೆ ಕೂತರೆ ಅವರಿಗೆ ಏಳಲಾಗುವುದಿಲ್ಲ. ಆ ಮಾತನ್ನು ಮುಂದೆ ಹೇಳುತ್ತೇವೆ.

ಚಿತ್ರದಲ್ಲಿ ಕಂಡದ್ದು

ಮೊದಲು ತೋರಿಸಿದ್ದು ಹಳೆಯ ಚಿತ್ರ, 1953ರ ‘ದಿ ಕಾಂಕ್ವೆಸ್ಟ್ ಆಫ್ ಎವರೆಸ್ಟ್’. ಆ ವರ್ಷ ಮೇ 29ರಂದು ತೇನ್‌ಸಿಂಗ್ ಹಾಗೂ ಹಿಲರಿ ಶಿಖರ ಮುಟ್ಟಿದ ದಂಡಯಾತ್ರೆಯ ಚಿತ್ರವದು. ಟಾಮ್ ಸ್ಟೋಬಾರ್ಟ್ ಛಾಯಾಗ್ರಾಹಕರು. ಅವರು ಏರಲಾಗದ ಎತ್ತರದಲ್ಲಿ ಜಾರ್ಜ್ ಲೋವ್ ಕ್ಯಾಮೆರಾ ಹಿಡಿದರು. ಶಿಖರದ ಚಲನಚಿತ್ರ ಮಾತ್ರ ಅದರಲ್ಲಿಲ್ಲ, ಏಕೆಂದರೆ ಅಷ್ಟು ಮೇಲಕ್ಕೆ ಹೋದವರು ಇಬ್ಬರೇ. ಇರುವುದು ಹಿಲರಿ ತೆಗೆದ ತೇನ್‌ಸಿಂಗರ ಸ್ಥಿರಚಿತ್ರ. ಆದರೆ ನಮ್ಮ ಕಣ್ಣು ನೆಟ್ಟದ್ದು ಬೇರೆಡೆ: ಆ ಇಬ್ಬರನ್ನು ಮೇಲೆ ಕಳಿಸಲು ಮುನ್ನೂರಕ್ಕೂ ಹೆಚ್ಚು ಹೊರೆಯಾಳುಗಳು ಸಾಮಾನು ಹೊತ್ತಿದ್ದರು. ಇಬ್ಬರ ಹೆಸರು ಮಕ್ಕಳಿಗೂ ಬಾಯಿಪಾಠ. ಉಳಿದವರು ಸಾಲಾಗಿ ನಡೆದು ಮರೆಯಾಗುತ್ತಾರೆ.

ಹುಡುಗರು ಕಾದಿದ್ದದ್ದು ಎರಡನೆಯ ಚಿತ್ರಕ್ಕೆ. ಅದು ‘ಫ್ರೀ ಸೋಲೋ’. 2019ರಲ್ಲಿ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪಡೆಯಿತು. ಅಮೆರಿಕದ ಯೋಸೆಮಿಟಿಯಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿಯ ಕಡಿದಾದ ಬಂಡೆಯುಂಟು. ಅಲೆಕ್ಸ್ ಹೊನೊಲ್ಡ್ ಎಂಬಾತ 2017ರ ಜೂನ್ 3ರಂದು ಹಗ್ಗವಿಲ್ಲದೆ, ಬರಿಗೈಯಲ್ಲಿ, ನಾಲ್ಕು ಗಂಟೆಯೊಳಗೆ ಅದನ್ನು ಏರಿದ. ನಮ್ಮ ಅಂಗಳದಲ್ಲಿ ಉಸಿರು ಬಿಟ್ಟ ಸದ್ದೂ ಇರಲಿಲ್ಲ. ಚಿತ್ರ ಮುಗಿದ ಮೇಲೆ ಹುಡುಗರು ಹೇಳಿದ ಮಾತು, ‘ನೋಡಿ, ಹಗ್ಗ ಬೇಕೆನ್ನುವವನು ಹೇಡಿ.’

ಇಲ್ಲಿಯೇ ನಮ್ಮ ತಕರಾರು. ಚಿತ್ರವನ್ನು ಸರಿಯಾಗಿ ನೋಡಿದವರಿಗೆ ಅದು ಹೇಳುವುದು ತಿರುಗುಮುರುಗಾದ ಮಾತು. ಆ ಮನುಷ್ಯ ಹಗ್ಗವಿಲ್ಲದೆ ಏರಿದ್ದು ಒಂದು ಬೆಳಗ್ಗೆ. ಅದಕ್ಕೆ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಲೆಕ್ಕವಿಲ್ಲದಷ್ಟು ಸಲ ಅಭ್ಯಾಸ ಮಾಡಿದ್ದ, ಒಂದೊಂದು ಹಿಡಿಯನ್ನೂ ಬರೆದಿಟ್ಟುಕೊಂಡಿದ್ದ. ಹಿಂದಿನ ವರ್ಷ ಏರಲು ಹೊರಟವನು ಮನಸ್ಸು ಒಪ್ಪದೆ ನಡುವೆಯೇ ಹಿಂತಿರುಗಿದ. ಅವನನ್ನು ಚಿತ್ರಿಸಿದವರೆಲ್ಲರೂ ನುರಿತ ಆರೋಹಿಗಳೇ. ಆದರೂ ಬಂಡೆಯ ಮೇಲಿದ್ದವರು ಹಗ್ಗದಲ್ಲಿ ತೂಗಿಕೊಂಡೇ ಕ್ಯಾಮೆರಾ ಹಿಡಿದರು. ನಮ್ಮ ಕ್ಯಾಮೆರಾದಿಂದಲೇ ಇವನು ಬಿದ್ದರೆ ಗತಿಯೇನೆಂದು ಚಿತ್ರ ಮಾಡಿದವರೇ ಚಿತ್ರದೊಳಗೆ ಚಿಂತಿಸುತ್ತಾರೆ.

ನಮ್ಮ ನಾಡಿನ ಚಿತ್ರಗಳು

ಕನ್ನಡಿಗರಿಗೆ ಬೆಟ್ಟ ಕಾಡಿನ ಸಾಹಸದ ಚಿತ್ರ ಹೊಸದಲ್ಲ. 1973ರ ‘ಗಂಧದ ಗುಡಿ’ಯನ್ನು ನಮ್ಮ ವಯಸ್ಸಿನವರು ಮರೆತಿಲ್ಲ. ಅದನ್ನು ನಿರ್ಮಿಸಿದವರು ಮೈಸೂರಿನ ಕುಸ್ತಿಪಟುವೇ ಆದ ಎಂ. ಪಿ. ಶಂಕರ್; ರಾಜ್‌ಕುಮಾರರು ಅರಣ್ಯಾಧಿಕಾರಿಯ ಪಾತ್ರ ವಹಿಸಿದ್ದರು. ಅಮೋಘವರ್ಷ ಹಾಗೂ ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂತು, ಸಾಹಸ ಹಾಗೂ ಅನ್ವೇಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು. ಪುನೀತ್ ರಾಜ್‌ಕುಮಾರ್ ಅಮೋಘವರ್ಷರ ಜೊತೆ ನಾಡಿನ ಕಾಡು, ಬೆಟ್ಟ, ಕಡಲು ಸುತ್ತಿದ ‘ಗಂಧದ ಗುಡಿ’ 2022ರ ಅಕ್ಟೋಬರ್ 28ರಂದು ತೆರೆ ಕಂಡಿತು. ಅವರು ತೀರಿಹೋಗಿ ಮರುದಿನಕ್ಕೆ ಒಂದು ವರ್ಷವಾಗುವುದಿತ್ತು. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೋಡದ ಪ್ರವಾಸಿಯೇ ಕಡಿಮೆ.

ಈ ಪಟ್ಟಿಯಲ್ಲಿ ಒಂದು ಕಹಿಯೂ ಉಂಟು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಎಂಬ ಚಿತ್ರದ ಸಾಹಸ ದೃಶ್ಯ ತೆಗೆಯುತ್ತಿದ್ದರು. ಹೆಲಿಕಾಪ್ಟರಿನಿಂದ ಮೂವರು ನಟರು ನೀರಿಗೆ ಜಿಗಿದರು. ನಾಯಕ ನಟ ಬದುಕಿ ಬಂದರು; ಅನಿಲ್ ಹಾಗೂ ಉದಯ್ ಎಂಬ ಇಬ್ಬರು ಯುವ ನಟರು ಮುಳುಗಿ ತೀರಿಕೊಂಡರು. ಅವರಿಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಕ್ಯಾಮೆರಾ ಇತ್ತು, ಜನ ಇದ್ದರು, ಹೆಲಿಕಾಪ್ಟರಿಗೆ ಹಣವೂ ಇತ್ತು, ಇಲ್ಲದ್ದು ಅದೊಂದೇ.

ಹೊರೆ ಹೊತ್ತವರ ಚಿತ್ರ

ಎರಡನೆಯ ರಾತ್ರಿ ನೋಡಿದ್ದು 2015ರ ‘ಶೆರ್ಪಾ’. ಜೆನಿಫರ್ ಪೀಡಮ್ ಎಂಬ ಮಹಿಳೆ ಇದರ ನಿರ್ದೇಶಕಿ. ಶಿಖರ ಏರುವ ಶ್ರೀಮಂತರನ್ನು ಬಿಟ್ಟು, ಅವರ ಗುಡಾರ, ಅಡಿಗೆ ಸಾಮಾನು, ಆಮ್ಲಜನಕದ ಸಿಲಿಂಡರು ಹೊರುವ ಶೆರ್ಪಾಗಳ ಕಡೆಯಿಂದ ಈ ಚಿತ್ರ ಎವರೆಸ್ಟನ್ನು ತೋರಿಸುತ್ತದೆ. ಏರುವ ಯಾತ್ರಿಕ ಖುಂಬು ಎಂಬ ಹಿಮಪ್ರಪಾತವನ್ನು ಕೆಲವೇ ಸಲ ದಾಟಿದರೆ, ಅವನ ಹೊರೆ ಹೊತ್ತವನು ಒಂದೇ ಋತುವಿನಲ್ಲಿ ಅದನ್ನು ಹತ್ತಾರು ಸಲ ದಾಟಬೇಕು. 2014ರ ಏಪ್ರಿಲ್ 18ರ ಬೆಳಗ್ಗೆ ಅಲ್ಲಿ ಹಿಮ ಕುಸಿದು ಹದಿನಾರು ಮಂದಿ ಸತ್ತರು. ಹದಿನಾರೂ ಮಂದಿ ಕೆಲಸಗಾರರೇ. ನೇಪಾಳ ಸರ್ಕಾರ ಸತ್ತವರ ಮನೆಗೆ ಮೊದಲು ಘೋಷಿಸಿದ ಪರಿಹಾರ ಅವರ 40,000 ರೂಪಾಯಿ. ಶೆರ್ಪಾಗಳು ಆ ವರ್ಷ ಶಿಖರಕ್ಕೆ ಹೋಗುವುದಿಲ್ಲವೆಂದು ಕುಳಿತುಬಿಟ್ಟರು; ಯಾತ್ರೆಗಳು ನಿಂತವು. ಆಮೇಲೆ ಅವರ ವಿಮೆಯ ಮೊತ್ತವನ್ನು 15 ಲಕ್ಷ ನೇಪಾಳಿ ರೂಪಾಯಿಗೆ ಏರಿಸಲಾಯಿತು.

ಈ ಚಿತ್ರ ಮುಗಿದಾಗ ಕುರ್ಚಿಯಲ್ಲಿದ್ದ ನಮ್ಮ ಹಳೆಯ ಕೊನೆಗಾರರು ಮೆಲ್ಲಗೆ ಕೇಳಿದರು: ‘ಆ ಸೊಂಟಕ್ಕೆ ಕಟ್ಕತಾರಲ್ಲ, ಆ ಪಟ್ಟಿ, ಹಗ್ಗ... ಅದು ಎಲ್ಲಿ ಸಿಗ್ತದೆ ಬುದ್ಧಿ? ಏಟಾಯ್ತದೆ?’

ನಮಗೆ ಉತ್ತರ ತಿಳಿದಿರಲಿಲ್ಲ. ಮೂವತ್ತು ವರ್ಷ ತೋಟ ಮಾಡಿದವರಿಗೆ, ಪದವಿ ಓದಿದವರಿಗೆ, ಸಂಘದ ಕಾರ್ಯದರ್ಶಿಗೆ ಆ ಬೆಲೆ ತಿಳಿದಿರಲಿಲ್ಲ. ಗೊಬ್ಬರದ ಬೆಲೆ, ತುತ್ತದ ಬೆಲೆ, ಗೋಣಿಚೀಲದ ಬೆಲೆ ಬಾಯಲ್ಲೇ ಇತ್ತು.

ನಮ್ಮ ತೋಟದಲ್ಲಿ ನಡೆದದ್ದು

ಅದು ಕೆಲವು ವರ್ಷಗಳ ಹಿಂದಿನ ಮಾತು. ಹಿಂದಿನ ರಾತ್ರಿ ಮಳೆ ಬಂದು ಮರಗಳು ಪಾಚಿಗಟ್ಟಿದಂತೆ ಜಾರುತ್ತಿದ್ದವು. ‘ಇವತ್ತು ಬ್ಯಾಡ’ ಎಂದು ಅವರು ಹೇಳಿದ್ದರು. ವ್ಯಾಪಾರಿಯ ಲಾರಿ ಮರುದಿನ ಬರುವುದಿತ್ತು. ‘ನಾಲ್ಕು ಸಾಲು ಮಾತ್ರ ಮುಗಿಸಿ’ ಎಂದವರು ನಾವು. ಮೂರನೆಯ ಸಾಲಿನಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಕೈ ಜಾರಿತು. ನಲವತ್ತು ಅಡಿಯ ಮರ. ಕೆಳಗೆ ಬಾಳೆಯ ಗಿಡವಿದ್ದುದರಿಂದ ಪ್ರಾಣ ಉಳಿಯಿತು, ಬೆನ್ನು ಉಳಿಯಲಿಲ್ಲ. ಆಸ್ಪತ್ರೆಯ ಖರ್ಚು ನಾವು ಕೊಟ್ಟೆವು; ಈಗಲೂ ತಿಂಗಳಿಗಿಷ್ಟೆಂದು ಕೊಡುತ್ತಿದ್ದೇವೆ. ಅದರಿಂದ ಲೆಕ್ಕ ತೀರಿತೆಂದು ನಾವು ಹೇಳುವುದಿಲ್ಲ. ವಿಮೆ ಇರಲಿಲ್ಲ, ಹಗ್ಗ ಇರಲಿಲ್ಲ, ಅವರು ಬೇಡವೆಂದಾಗ ಕೇಳುವ ಕಿವಿಯೂ ನಮಗಿರಲಿಲ್ಲ.

ಇಷ್ಟು ವರ್ಷ ಈ ಸಂಗತಿಯನ್ನು ನಾವು ಎಲ್ಲಿಯೂ ಬರೆದಿರಲಿಲ್ಲ. ಬರೆಯುತ್ತಿರುವುದು ಒಂದು ಕಾರಣಕ್ಕೆ. ಸದಸ್ಯರ ತೋಟಗಳಲ್ಲಿ ಇಂಥ ಪ್ರಸಂಗ ನಮ್ಮದೊಂದೇ ಅಲ್ಲವೆಂದು ನಮ್ಮ ನಿಮ್ಮೆಲ್ಲರಿಗೂ ಗೊತ್ತು.

ಯೋಚಿಸಿ ನೋಡಿ. ಅಡಿಕೆ ಮರ ಐವತ್ತು ಅಡಿಗೂ ಮೀರಿ ಬೆಳೆಯುತ್ತದೆ. ಮೇಲೆ ಹೋದಂತೆ ತೆಳುವಾಗಿ ಗಾಳಿಗೆ ತೂಗುತ್ತದೆ. ಕೊನೆಗಾರನು ಕಾಲಿಗೆ ತಳೆ ಹಾಕಿ ಏರಿ, ಮರವನ್ನು ಬಾಗಿಸಿ ಪಕ್ಕದ ಮರ ಹಿಡಿದು, ದಿನಕ್ಕೆ ಎಷ್ಟೋ ಮರ ದಾಟುತ್ತಾನೆ. ಮಲೆನಾಡಿನವರಿಗೆ ಕೊಳೆರೋಗದ ಕಾಟ ಬೇರೆ. ಬೋರ್ಡೋ ದ್ರಾವಣ ಹೊಡೆಯಲು ಮಳೆಯ ಬಿಡುವಿನಲ್ಲಿ, ಒದ್ದೆ ಮರವನ್ನೇ ಏರಬೇಕು. ಯಾವ ದೇಶದ ಸಾಹಸ ಕ್ರೀಡೆಗೂ ಇದು ಕಡಿಮೆಯದಲ್ಲ. ಚಿತ್ರ ತೆಗೆಯುವವರು ಬಂದಿಲ್ಲ, ಅಷ್ಟೆ.

ಅದಕ್ಕಿಂತ ಕುಟುಕುವ ಮಾತೊಂದುಂಟು. ಕತ್ತರಿಸಿದ ಕೊನೆ ನೆಲಕ್ಕೆ ಬಿದ್ದರೆ ಕಾಯಿ ಉದುರಿ ಚೆಲ್ಲುತ್ತದೆಂದು, ಅದನ್ನು ಹಗ್ಗದ ಮೇಲೆ ಜಾರಿಬಿಡುವ ಪದ್ಧತಿ ಮಲೆನಾಡಿನಲ್ಲಿದೆ. ನಾವೂ ಅದನ್ನೇ ಅನುಸರಿಸಿದವರು. ಕೆಳಗೆ ಒಬ್ಬ ಹಗ್ಗ ಬಿಗಿಹಿಡಿದು ನಿಂತಿರುತ್ತಾನೆ. ಅಂದರೆ ಮರದ ತುದಿಗೆ ಹಗ್ಗ ಹೋಗುತ್ತದೆ, ಹಿಡಿಯುವವನೂ ಇದ್ದಾನೆ. ಕೊನೆಗೆ ಹಗ್ಗವುಂಟು, ಏರಿದವನಿಗಿಲ್ಲ.

ಕಾಫಿ ತೋಟದವರು ಇದು ತಮ್ಮ ಮಾತಲ್ಲವೆಂದುಕೊಳ್ಳಬಾರದು. ನೆರಳು ಕಸಿ ಮಾಡುವವರು ಸಿಲ್ವರ್ ಓಕ್ ಮರ ಏರುವುದೂ, ಮೆಣಸು ಬಿಡಿಸುವವರು ಉದ್ದದ ಏಣಿಯ ತುದಿಯಲ್ಲಿ ನಿಲ್ಲುವುದೂ ಇದೇ ಬಗೆಯದು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಆದ ಸಾವುಗಳನ್ನು ಕೊಡಗಿನ ಸದಸ್ಯರು ಆ ರಾತ್ರಿಯೇ ಒಂದೊಂದಾಗಿ ನೆನೆದರು.

ಇನ್ನು ಮಾಡತಕ್ಕದ್ದು

ಮರ ಏರುವವರು ಸಿಗುತ್ತಿಲ್ಲವೆಂಬುದು ನಮ್ಮ ಪ್ರತಿ ಸಭೆಯ ದೂರು. ಮಗ ಏರಲೊಲ್ಲ, ತಂದೆ ಕಳಿಸಲೊಲ್ಲ. ಏಕೆ ಕಳಿಸಬೇಕು? ಕೂಲಿ ಹೆಚ್ಚಿಸಿದರೆ ಸಾಲದು. ಸಂಜೆ ಮನೆಗೆ ನಡೆದುಕೊಂಡು ಹೋಗುತ್ತೇನೆಂಬ ಭರವಸೆ ಬೇಕು. ಅದಕ್ಕಾಗಿ ಕೆಲವು ಸಂಗತಿಗಳನ್ನು ಸದಸ್ಯರ ಮುಂದಿಡುತ್ತೇವೆ.

ಮೊದಲನೆಯದು, ಸಾಧ್ಯವಾದಷ್ಟು ಏರುವುದನ್ನೇ ತಪ್ಪಿಸುವುದು. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊಯ್ಲು ಹಾಗೂ ಸಿಂಪಡಣೆ ಮಾಡುವವರು ಈಗ ಬಹಳ ಮಂದಿ ಇದ್ದಾರೆ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಯಂತ್ರ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ಒಂದು ಎಚ್ಚರಿಕೆ: ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಸುತ್ತದೆ. ತಂತಿ ಹಾದ ಕಡೆ ದೋಟಿಯನ್ನಾಗಲಿ ಲೋಹದ ಏಣಿಯನ್ನಾಗಲಿ ಎತ್ತಲೇಬಾರದು.

ಎರಡನೆಯದು, ಏರಲೇಬೇಕಾದಲ್ಲಿ ಮೈಗೆ ಪಟ್ಟಿ ಹಾಗೂ ಹಗ್ಗ. ಮನೆಯ ನಾರಿನ ಹಗ್ಗ ಇದಕ್ಕಾಗದು. ಬಿದ್ದ ಭಾರವನ್ನು ತಾಳಲು ತಕ್ಕಷ್ಟು ಹಿಗ್ಗುವ, ಇದಕ್ಕೆಂದೇ ತಯಾರಾದ ಹಗ್ಗ ಬೇಕು. ಬಿಸಿಲಿನಲ್ಲಿಯೂ ಔಷಧಿಯ ಡ್ರಮ್ಮಿನ ಬಳಿಯೂ ಇಡಬಾರದು. ಒಮ್ಮೆ ಜೋರಾಗಿ ಬಿದ್ದ ಭಾರ ಹೊತ್ತ ಹಗ್ಗವನ್ನು ಮತ್ತೆ ಬಳಸಬಾರದು. ಹಗ್ಗದಲ್ಲಿ ತೂಗುತ್ತ ಉಳಿದವನನ್ನು ತಡಮಾಡದೆ ಇಳಿಸಬೇಕು. ಆದಕಾರಣ ಒಬ್ಬನೇ ತೋಟಕ್ಕೆ ಹೋಗಿ ಏರುವುದು ಸಲ್ಲದು. ಪಟ್ಟಿ ಹಾಕಿದರೆ ಕೆಲಸ ನಿಧಾನವಾಗುತ್ತದೆ, ಮರದಿಂದ ಮರಕ್ಕೆ ದಾಟಲಾಗದೆಂಬ ಆಕ್ಷೇಪ ನಿಜ. ನಿಧಾನದ ಖರ್ಚು ಯಜಮಾನನ ಲೆಕ್ಕಕ್ಕೆ ಬರಲಿ.

ಮೂರನೆಯದು ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರು ಸೇರಬಹುದು. ಅಪಘಾತದಲ್ಲಿ ಮರಣವಾದರೆ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಇದು ಸಾಲದೆಂಬುದು ಸರಿ. ಇಷ್ಟನ್ನೂ ಮಾಡಿಸದಿರುವುದು ಸರಿಯೇ? ಆಳಿನ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿ ಮೇ ತಿಂಗಳ ಕೊನೆಯಲ್ಲಿ ಇರುವಂತೆ ನೋಡಿಕೊಳ್ಳುವುದು ಯಜಮಾನನಿಗೆ ಕಷ್ಟವಲ್ಲ.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ. ಏರುವವನು ಇವತ್ತು ಬೇಡವೆಂದರೆ, ಬೇಡ. ಹೊನೊಲ್ಡ್ ನಡುವೆಯೇ ಇಳಿದು ಬಂದಾಗ ಅವನ ಜೊತೆಯವರು ಯಾರೂ ಏಕೆಂದು ಜಗಳವಾಡಲಿಲ್ಲ. ಶೆರ್ಪಾಗಳು ಒಲ್ಲೆವೆಂದಾಗ ಎವರೆಸ್ಟೇ ಒಂದು ವರ್ಷ ಕಾದಿತು. ನಮ್ಮ ಲಾರಿ ಒಂದು ದಿನ ಕಾಯಲಾರದೆ?

ಮುಂದಿನ ಮಹಾಸಭೆಯಲ್ಲಿ ಸಂಘದ ವತಿಯಿಂದ ಪಟ್ಟಿ, ಹಗ್ಗಗಳನ್ನು ಕೊಂಡು ಸದಸ್ಯರಿಗೆ ಬಾಡಿಗೆಯಿಲ್ಲದೆ ಸರದಿಯಲ್ಲಿ ಕೊಡುವ ಠರಾವನ್ನು ನಾವು ಮಂಡಿಸಲಿದ್ದೇವೆ. ವಿರೋಧವಿರುವವರು ಖಂಡಿತ ಬಂದು ಮಾತಾಡಬೇಕೆಂದು ಅರಿಕೆ. ಹುಡುಗರಿಗೂ ಒಂದು ಕೆಲಸ ವಹಿಸಿದ್ದೇವೆ: ಬೆಟ್ಟ ಏರುವ ಗಂಟುಗಳನ್ನು ಬಲ್ಲವರು ಅವರೇ ಆದ್ದರಿಂದ, ಸಾಮಾನು ಬಂದ ಮೇಲೆ ಕೊನೆಗಾರರಿಗೆ ಅವನ್ನು ಕಲಿಸತಕ್ಕದ್ದು. ಮರ ಏರುವುದನ್ನು ಕೊನೆಗಾರರು ಅವರಿಗೆ ಕಲಿಸಲಿ.

ಪಟ್ಟಿಯ ಬೆಲೆಯನ್ನು ಮೈಸೂರಿನ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದೇವೆ. ನಮ್ಮ ಆ ವರ್ಷದ ನಾಲ್ಕು ಸಾಲಿನ ಅಡಿಕೆಯ ಹಣದಲ್ಲಿ ಎಷ್ಟೋ ಪಟ್ಟಿಗಳು ಬರುತ್ತಿದ್ದವು. ಕುರ್ಚಿಯಲ್ಲಿ ಕೂತು ಕೇಳಿದವರಿಗೆ ಹೋಗಿ ಬೆಲೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟೇಯಾ?’ ಎಂದರು.